ಆಟದ ಪಾತ್ರವನ್ನು ಹೊಸ ಕಂಪ್ಯೂಟರಿಗೆ ಒಯ್ದಾಗ ಮುಖ ಏಕೆ ಬದಲಾಗುತ್ತದೆ?

ಪ್ರಶ್ನೆ: ದ ಸಿಮ್ಸ್ 4ರಲ್ಲಿ ನಾಲ್ಕು ವರ್ಷ ಬೆಳೆಸಿದ ಒಂದು ಕುಟುಂಬ, ಸ್ಕೈರಿಮ್ ಸ್ಪೆಷಲ್ ಎಡಿಷನ್‌ನಲ್ಲಿ ಗಂಟೆಗಟ್ಟಲೆ ಕುಳಿತು ರೂಪಿಸಿದ ನಾಯಕಿ, ಎಲ್ಡನ್ ರಿಂಗ್‌ನ ಎರಡು ಪಾತ್ರಗಳು ನನ್ನ ಹಳೆಯ ಕಂಪ್ಯೂಟರಿನಲ್ಲಿವೆ. ಮೂರೂ ಆಟಗಳ ಸೇವ್ ಕಡತಗಳನ್ನು ಹೊಸ ಕಂಪ್ಯೂಟರಿಗೆ ನಕಲು ಮಾಡಿದೆ. ಸಿಮ್ಸ್ ಕುಟುಂಬದವರ ತಲೆಗೂದಲು ಮಾಯವಾಗಿದೆ, ಸ್ಕೈರಿಮ್ ನಾಯಕಿಯ ಮುಖ ಬೇರೆ ಯಾರದೋ ಆಗಿದೆ, ಎಲ್ಡನ್ ರಿಂಗ್ ಪಾತ್ರಗಳನ್ನು ತಮ್ಮನ ಖಾತೆಯಲ್ಲಿ ತೆರೆಯಲು ಹೋದರೆ ಆಟ ಒಪ್ಪುತ್ತಲೇ ಇಲ್ಲ. ಹಳೆಯ ಕಂಪ್ಯೂಟರನ್ನು ಹದಿನೈದು ದಿನಗಳಲ್ಲಿ ಬೇರೆಯವರಿಗೆ ಕೊಡಬೇಕಾಗಿದೆ. ಏನು ಮಾಡಲಿ?

ಉತ್ತರ: ಮೊದಲ ಮಾತು: ಹೊಸ ಕಂಪ್ಯೂಟರಿನಲ್ಲಿ ಈ ಮೂರರಲ್ಲಿ ಯಾವ ಆಟವನ್ನೂ ಸದ್ಯಕ್ಕೆ ಮುಂದುವರಿಸಬೇಡಿ, ಮುಖ್ಯವಾಗಿ, ಸೇವ್ ಮಾಡಬೇಡಿ. ಕೂದಲಿಲ್ಲದ ಕುಟುಂಬವನ್ನು ಹಾಗೆಯೇ ಸೇವ್ ಮಾಡಿದರೆ, ಆ ಕಡತದ ಮಟ್ಟಿಗೆ ಅವರು ಕೂದಲಿಲ್ಲದವರೇ ಆಗಿಬಿಡಬಹುದು. ಹಳೆಯ ಯಂತ್ರ ಇನ್ನೂ ನಿಮ್ಮ ಕೈಯಲ್ಲಿರುವುದರಿಂದ ಇಲ್ಲಿಯವರೆಗೆ ನೀವು ಏನನ್ನೂ ಕಳೆದುಕೊಂಡಿಲ್ಲ. ನೀವು ಹೇಳಿರುವ ಮೂರು ತೊಂದರೆಗಳು ಮೇಲ್ನೋಟಕ್ಕೆ ಒಂದೇ ರೀತಿಯವಾಗಿ ಕಂಡರೂ ಅವುಗಳ ಕಾರಣಗಳು ಬೇರೆ ಬೇರೆ; ಆದ್ದರಿಂದ ಪರಿಹಾರಗಳೂ ಬೇರೆ.

ಪಾತ್ರವೆಂದರೆ ಒಂದು ಕಡತ, ಅದನ್ನು ಎತ್ತಿ ಅಲ್ಲಿಂದ ಇಲ್ಲಿಗೆ ಇಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆಯೇ ಬಹುತೇಕ ಎಲ್ಲ ತೊಂದರೆಗಳ ಮೂಲ. ಸೇವ್ ಕಡತದಲ್ಲಿ ನಿಮ್ಮ ನಾಯಕಿಯ ಮುಖದ ಚಿತ್ರವಿರುವುದಿಲ್ಲ. ಅದರಲ್ಲಿ ಇರುವುದು ದರ್ಜಿಯ ಬಳಿಯ ಅಳತೆಯ ಚೀಟಿಯಂಥದು: ಮೂಗಿನ ಉದ್ದ ಇಷ್ಟು, ದವಡೆಯ ಅಗಲ ಇಷ್ಟು, ಕೂದಲು ಇಂಥ ಸಂಗ್ರಹದ ಇಂಥ ಸಂಖ್ಯೆಯದು ಎಂಬ ಟಿಪ್ಪಣಿ. ಬಟ್ಟೆ, ಅಂದರೆ ಆ ಕೂದಲಿನ ಆಕೃತಿ, ಚರ್ಮದ ವಿನ್ಯಾಸ, ಉಡುಪು, ಇವೆಲ್ಲ ಆಟದ ಮೂಲ ಕಡತಗಳಲ್ಲೋ ನೀವು ಹಾಕಿಕೊಂಡ ಮಾಡ್‌ಗಳಲ್ಲೋ (ಬೇರೆಯವರು ಮಾಡಿ ಆಟಕ್ಕೆ ಸೇರಿಸಲು ಕೊಡುವ ಹೆಚ್ಚುವರಿ ಸಾಮಗ್ರಿ) ಇರುತ್ತವೆ. ಇವೆರಡರ ಜೊತೆಗೆ ಮೂರನೆಯ ಸಂಗತಿಯೊಂದಿದೆ: ಕೆಲವು ಆಟಗಳು ಚೀಟಿಯ ಮೇಲೆ ಮಾಲೀಕರ ಗುರುತನ್ನೂ ಒತ್ತಿರುತ್ತವೆ. ನಿಮ್ಮ ಸಿಮ್ಸ್ ಕುಟುಂಬಕ್ಕೆ ಬಟ್ಟೆ ಸಿಕ್ಕಿಲ್ಲ. ಸ್ಕೈರಿಮ್ ನಾಯಕಿಯ ಚೀಟಿಯಲ್ಲಿ ಅರ್ಧ ಹಳೆಯ ಯಂತ್ರದಲ್ಲೇ ಉಳಿದಿರುವ ಸಾಧ್ಯತೆ ಹೆಚ್ಚು. ಎಲ್ಡನ್ ರಿಂಗ್‌ನಲ್ಲಿ ಅಡ್ಡ ಬಂದಿರುವುದು ಮಾಲೀಕರ ಗುರುತು.

ಸಿಮ್ಸ್‌ನದು ಸುಲಭ, ಅದನ್ನು ಮೊದಲು ಮುಗಿಸೋಣ. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಫೋಲ್ಡರ್, ಅದರೊಳಗೆ ದ ಸಿಮ್ಸ್ 4 ಎಂಬ ಫೋಲ್ಡರ್ ಇದೆ. ಅದರಲ್ಲಿ ನಿಮಗೆ ಬೇಕಾದವು ಮೂರು: ಸೇವ್ಸ್, ಟ್ರೇ ಮತ್ತು ಮಾಡ್ಸ್. ಸೇವ್ಸ್‌ನಲ್ಲಿರುವುದು ಆಟದ ಇಡೀ ಲೋಕ, ಅಂದರೆ ಊರು, ನೆರೆಹೊರೆ, ಯಾರಿಗೂ ಯಾರಿಗೂ ಏನು ಸಂಬಂಧ ಎಂಬುದೆಲ್ಲ. ಟ್ರೇಯಲ್ಲಿರುವುದು ನೀವು ನಿಮ್ಮ ಲೈಬ್ರರಿಗೆ ಸೇರಿಸಿಟ್ಟ ಕುಟುಂಬಗಳು ಮತ್ತು ಮನೆಗಳು. ಹೊರಗಿನಿಂದ ತಂದ ಕೂದಲು, ಉಡುಪು, ಮೈಬಣ್ಣಗಳೆಲ್ಲ ಮಾಡ್ಸ್‌ನಲ್ಲಿ ಪ್ಯಾಕೇಜ್ ಎಂಬ ವಿಸ್ತರಣೆಯ (ಕಡತದ ಹೆಸರಿನಲ್ಲಿ ಚುಕ್ಕಿಯ ನಂತರ ಬರುವ ಭಾಗ) ಕಡತಗಳಾಗಿರುತ್ತವೆ. ನೀವು ಸೇವ್ಸ್ ಮಾತ್ರ ಒಯ್ದಿದ್ದೀರಿ ಎಂದು ಕಾಣುತ್ತದೆ. ಹೊಸ ಯಂತ್ರದಲ್ಲಿ ಆಟವನ್ನು ಒಮ್ಮೆ ತೆರೆದು ಮುಚ್ಚಿ, ಫೋಲ್ಡರುಗಳು ತಾವಾಗಿ ಸೃಷ್ಟಿಯಾದ ಮೇಲೆ ಮೂರನ್ನೂ ಅವುಗಳ ಜಾಗಕ್ಕೆ ನಕಲಿಸಿ. ಲೋಕಲ್‌ಥಂಬ್‌ಕ್ಯಾಶ್ ಎಂಬ ಕಡತವೊಂದಿರುತ್ತದೆ, ಅದನ್ನು ಒಯ್ಯಬೇಡಿ. ಆಟ ಅದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅನಂತರ ಆಟದ ಆಯ್ಕೆಗಳಿಗೆ ಹೋಗಿ ಮಾಡ್‌ಗಳಿಗೆ ಅನುಮತಿ ನೀಡಿ ಆಟವನ್ನು ಮತ್ತೆ ಆರಂಭಿಸಬೇಕು, ಏಕೆಂದರೆ ಹೊಸದಾಗಿ ಸ್ಥಾಪಿಸಿದ ಆಟದಲ್ಲಿ ಈ ಅನುಮತಿ ಮುಚ್ಚಿರುತ್ತದೆ. ಆಟದ ಪ್ರತಿ ದೊಡ್ಡ ಪರಿಷ್ಕರಣೆಯ ನಂತರವೂ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಎಲ್ಲವನ್ನೂ ಸರಿಯಾಗಿ ಒಯ್ದು ಈ ಒಂದು ಗುರುತನ್ನು ಹಾಕಲು ಮರೆತು ಕಂಗಾಲಾದವರು ಬಹಳ ಮಂದಿ.

ಇಡೀ ಲೋಕ ಬೇಡ, ಆ ಕುಟುಂಬವೊಂದೇ ಸಾಕು ಎನ್ನುವುದಾದರೆ ಹಳೆಯ ಯಂತ್ರದಲ್ಲಿ ಕುಟುಂಬವನ್ನು ಲೈಬ್ರರಿಗೆ ಸೇರಿಸಿ, ಟ್ರೇಯಿಂದ ಅದಕ್ಕೆ ಸೇರಿದ ಕಡತಗಳನ್ನು ಮಾತ್ರ ಎತ್ತಿಕೊಳ್ಳಬಹುದು. ಒಂದು ಕುಟುಂಬಕ್ಕೆ ಒಂದೇ ಕಡತವಿರುವುದಿಲ್ಲ. ಟ್ರೇಐಟಮ್, ಹೌಸ್‌ಹೋಲ್ಡ್‌ಬೈನರಿ, ಎಚ್‌ಎಚ್‌ಐ, ಎಸ್‌ಜಿಐ ಎಂಬ ವಿಸ್ತರಣೆಗಳ ಕಡತಗಳ ಗುಂಪೇ ಇರುತ್ತದೆ, ಅದರಲ್ಲಿ ಒಂದು ತಪ್ಪಿದರೂ ಕುಟುಂಬ ಸರಿಯಾಗಿ ಕಾಣಿಸುವುದಿಲ್ಲ. ಇವೆಲ್ಲ ಒಂದೇ ಕ್ಷಣದಲ್ಲಿ ಬರೆಯಲ್ಪಡುವುದರಿಂದ ಫೋಲ್ಡರನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಒಂದೆಡೆ ಸಿಗುತ್ತವೆ. ಹೊಸ ಯಂತ್ರದ ಲೈಬ್ರರಿಯಲ್ಲಿ ಕುಟುಂಬ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಹೊರಗಿನ ಸಾಮಗ್ರಿ ಬಳಸಿದ ಕುಟುಂಬಗಳನ್ನು ಆಟ ಪಟ್ಟಿಯಲ್ಲಿ ಮರೆಮಾಡಿರುತ್ತದೆ, ಶೋಧನೆಯ ಆಯ್ಕೆಗಳಲ್ಲಿ ಅವುಗಳನ್ನೂ ಸೇರಿಸು ಎಂಬ ಗುರುತು ಹಾಕಬೇಕು. ನೂರಾರು ಮಾಡ್‌ಗಳಲ್ಲಿ ಈ ಕುಟುಂಬ ಬಳಸಿರುವುದು ಯಾವುವು ಎಂದು ತಿಳಿಯಲು ಸಿಮ್ಸ್ 4 ಟ್ರೇ ಇಂಪೋರ್ಟರ್ ಎಂಬ ಸಾಧನ ನೆರವಾಗುತ್ತದೆ. ಈ ದಾರಿಗೆ ಒಂದು ಮಿತಿಯಿದೆ: ಕುಟುಂಬದೊಳಗಿನ ನಂಟು ಉಳಿಯುತ್ತದೆ, ಆದರೆ ಹೊರಗಿನ ಸ್ನೇಹಿತರು, ನೆರೆಯವರು, ಬೇರೆ ಮನೆಗೆ ಹೋದ ಮಕ್ಕಳ ಜೊತೆಗಿನ ಸಂಬಂಧ ಕಡಿದುಹೋಗುತ್ತದೆ. ನಾಲ್ಕು ವರ್ಷ ಬೆಳೆಸಿದ ಕುಟುಂಬವಾದ್ದರಿಂದ ನಿಮಗೆ ಇಡೀ ಸೇವ್ಸ್ ಒಯ್ಯುವುದೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ.

ಸ್ಕೈರಿಮ್‌ನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಗಂಟೆಗಟ್ಟಲೆ ಕುಳಿತು ಮುಖ ರೂಪಿಸಿದೆ ಎಂದಿದ್ದೀರಿ. ಹಾಗಾದರೆ ರೇಸ್‌ಮೆನ್ಯೂ ಎಂಬ ಮಾಡ್ ಬಳಸಿರಬೇಕು, ಮತ್ತು ಅದು ಎಸ್‌ಕೆಎಸ್‌ಇ ಎಂಬ ಸಹಾಯಕ ತಂತ್ರಾಂಶದ ನೆರವಿಲ್ಲದೆ ನಡೆಯುವುದಿಲ್ಲ. ಈ ಆಟದ ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿ ಮೈ ಗೇಮ್ಸ್, ಅದರೊಳಗಿನ ಸ್ಕೈರಿಮ್ ಸ್ಪೆಷಲ್ ಎಡಿಷನ್ ಫೋಲ್ಡರಿನ ಸೇವ್ಸ್‌ನಲ್ಲಿರುತ್ತವೆ. ಅಲ್ಲಿ ಇಎಸ್‌ಎಸ್ ವಿಸ್ತರಣೆಯ ಪ್ರತಿ ಕಡತದ ಪಕ್ಕದಲ್ಲಿ ಅದೇ ಹೆಸರಿನ, ಆದರೆ ಎಸ್‌ಕೆಎಸ್‌ಇ ವಿಸ್ತರಣೆಯ ಇನ್ನೊಂದು ಕಡತವನ್ನು ಕಾಣುವಿರಿ. ಮೂಲ ಆಟಕ್ಕೆ ಗೊತ್ತಿರುವ ಸ್ಲೈಡರುಗಳ (ಮುಖದ ಅಳತೆ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿಗಳ) ಅಂಕಿಗಳು ಮೊದಲನೆಯದರಲ್ಲಿ, ರೇಸ್‌ಮೆನ್ಯೂ ಹೆಚ್ಚಿಗೆ ಕೊಟ್ಟ ಸ್ಲೈಡರುಗಳು ಮತ್ತು ಕೈಯಿಂದ ತಿದ್ದಿದ ಆಕಾರ ಎರಡನೆಯದರಲ್ಲಿ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಒಯ್ದರೆ ಮುಖ ಬರುತ್ತದೆ, ಆದರೆ ಅಕ್ಕನದೋ ತಂಗಿಯದೋ ಎನ್ನುವಂತೆ ಬರುತ್ತದೆ. ಎರಡನ್ನೂ ಒಯ್ದು, ಆಟವನ್ನು ಎಸ್‌ಕೆಎಸ್‌ಇಯ ಮೂಲಕ ಅಲ್ಲದೆ ನೇರವಾಗಿ ಆಟಗಳನ್ನು ಕೊಂಡು ನಡೆಸುವ ಸ್ಟೀಮ್ ತಂತ್ರಾಂಶದ ಗುಂಡಿಯಿಂದ ಆರಂಭಿಸಿದರೂ ಫಲ ಅದೇ.

ಎರಡೂ ಕಡತಗಳಿದ್ದು, ಎಸ್‌ಕೆಎಸ್‌ಇಯಿಂದಲೇ ಆರಂಭಿಸಿಯೂ ಮುಖ ಸರಿಬರದಿದ್ದರೆ ಆಟದ ಆವೃತ್ತಿಯನ್ನು ನೋಡಿ. ಹಳೆಯ ಯಂತ್ರದಲ್ಲಿ ನೀವು ಪರಿಷ್ಕರಣೆಯನ್ನು ತಡೆಹಿಡಿದಿದ್ದಿರಬಹುದು. ಹೊಸ ಯಂತ್ರಕ್ಕೆ ಮಾತ್ರ ಇಂದಿನ ಆವೃತ್ತಿಯೇ ಇಳಿದಿರುತ್ತದೆ. ಎಸ್‌ಕೆಎಸ್‌ಇ ಆಟದ ನಿರ್ದಿಷ್ಟ ಆವೃತ್ತಿಗೆ ಅಂಟಿಕೊಂಡಿರುವ ಸಾಧನ. 2021ರ ನವೆಂಬರ್‌ನಲ್ಲಿ ಆನಿವರ್ಸರಿ ಎಡಿಷನ್ ಜೊತೆ ಬಂದ ಪರಿಷ್ಕರಣೆ ಎಷ್ಟೋ ಮಂದಿಯ ಮಾಡ್‌ಗಳನ್ನು ಒಂದೇ ದಿನದಲ್ಲಿ ಕೆಲಸಕ್ಕೆ ಬಾರದಂತೆ ಮಾಡಿದ್ದು ಈ ಕಾರಣದಿಂದಲೇ. ಆಟದ ಮುಖ್ಯ ಕಡತದ ಗುಣಲಕ್ಷಣಗಳಲ್ಲಿ ಆವೃತ್ತಿಯ ಸಂಖ್ಯೆ ಸಿಗುತ್ತದೆ. ಎರಡೂ ಯಂತ್ರಗಳಲ್ಲಿ ಅದನ್ನು ಹೋಲಿಸಿ, ಹೊಸ ಯಂತ್ರದ ಆವೃತ್ತಿಗೆ ಹೊಂದುವ ಎಸ್‌ಕೆಎಸ್‌ಇ ಮತ್ತು ರೇಸ್‌ಮೆನ್ಯೂಗಳನ್ನು ಹಾಕಿಕೊಳ್ಳಿ.

ಮಾಡ್‌ಗಳನ್ನು ನಿರ್ವಹಿಸಲು ಮಾಡ್ ಆರ್ಗನೈಸರ್ 2 ಬಳಸುವವರು ಇನ್ನೂ ಎರಡು ಕಡೆ ಎಡವುತ್ತಾರೆ. ಆ ತಂತ್ರಾಂಶ ಮಾಡ್‌ಗಳನ್ನು ಆಟದ ಫೋಲ್ಡರಿನಲ್ಲಿ ಇಡದೆ ತನ್ನದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಆಟದ ಡೇಟಾ ಫೋಲ್ಡರನ್ನು ನಕಲಿಸಿದರೆ ಏನೂ ಬಂದಂತಾಗುವುದಿಲ್ಲ. ಜೊತೆಗೆ ಪ್ರತಿ ಪ್ರೊಫೈಲಿಗೆ ಪ್ರತ್ಯೇಕ ಸೇವ್ ಎಂಬ ಆಯ್ಕೆ ಹಾಕಿದ್ದರೆ ಸೇವ್‌ಗಳು ಡಾಕ್ಯುಮೆಂಟ್ಸ್‌ನಲ್ಲಿ ಇರದೆ ಆ ಪ್ರೊಫೈಲಿನ ಒಳಗಿರುತ್ತವೆ. ಸಾಧ್ಯವಿದ್ದರೆ ಅದರ ಇಡೀ ಫೋಲ್ಡರನ್ನು, ಹಳೆಯ ಯಂತ್ರದಲ್ಲಿದ್ದ ಹಾದಿಯಲ್ಲೇ, ಅಂದರೆ ಅದೇ ಡ್ರೈವ್ ಅಕ್ಷರ ಮತ್ತು ಅದೇ ಫೋಲ್ಡರ್ ಹೆಸರಿನಲ್ಲಿ, ಹೊಸ ಯಂತ್ರಕ್ಕೆ ತನ್ನಿ.

ಇಷ್ಟಕ್ಕೇ ನಿಲ್ಲದೆ ಹಳೆಯ ಯಂತ್ರದಲ್ಲಿ ಇನ್ನೊಂದು ಕೆಲಸ ಮಾಡಿ. ಆಟವನ್ನು ತೆರೆದು, ರೇಸ್‌ಮೆನ್ಯೂ ಪರದೆಗೆ ಹೋಗಿ ನಾಯಕಿಯ ಮುಖವನ್ನು ಪ್ರಿಸೆಟ್ ಆಗಿ, ಅಂದರೆ ಮತ್ತೆ ಬಳಸಬಹುದಾದ ಸಿದ್ಧ ನಮೂನೆಯಾಗಿ, ಉಳಿಸಿಕೊಳ್ಳಿ. ಅದು ಜೆಸ್ಲಾಟ್ ವಿಸ್ತರಣೆಯ ಒಂದು ಚಿಕ್ಕ ಕಡತವಾಗಿ, ಡೇಟಾ ಫೋಲ್ಡರಿನ ಎಸ್‌ಕೆಎಸ್‌ಇ, ಪ್ಲಗಿನ್ಸ್, ಚಾರ್‌ಜೆನ್, ಪ್ರಿಸೆಟ್ಸ್ ಎಂಬ ಹಾದಿಯಲ್ಲಿ ಬಂದು ಕೂರುತ್ತದೆ. ಮಾಡ್ ಆರ್ಗನೈಸರ್ ಮೂಲಕ ಆಡುವವರು ಅದನ್ನು ಓವರ್‌ರೈಟ್ ಫೋಲ್ಡರಿನಲ್ಲಿ ಹುಡುಕಬೇಕು. ಈ ಕಡತದ ದೊಡ್ಡ ಗುಣವೆಂದರೆ ಅದು ಸರಳ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಕೂದಲು, ಕಣ್ಣು, ಹುಬ್ಬು ಯಾವ ಮಾಡ್‌ನವು ಎಂಬುದು ಹೆಸರಿನ ಸಮೇತ ಕಾಣುತ್ತದೆ. ಹೊಸ ಯಂತ್ರದಲ್ಲಿ ಹಾಕಲು ಮರೆತ ಮಾಡ್ ಯಾವುದು ಎಂದು ಊಹಿಸುತ್ತ ಕೂರುವ ಬದಲು ಇದನ್ನು ಓದಿಕೊಳ್ಳಬಹುದು. ಸೇವ್ ಕಡತವನ್ನು ತೆರೆಯುವಾಗ ಕೆಲವು ಸಾಮಗ್ರಿ ಈಗ ಇಲ್ಲ ಎಂದು ಆಟ ಎಚ್ಚರಿಸಿದರೆ, ಬೇಡ ಎಂದು ಹಿಂದೆ ಸರಿಯಿರಿ. ಆ ಎಚ್ಚರಿಕೆಯನ್ನು ದಾಟಿ ಹೋಗಿ ಹೊಸದಾಗಿ ಸೇವ್ ಮಾಡಿದವರು ಆ ಸೇವ್‌ನಲ್ಲಿ ಕಳೆದುಕೊಂಡದ್ದು ಮಾಡ್ ಮರಳಿ ಹಾಕಿದರೂ ಬರುವುದಿಲ್ಲ.

ಇನ್ನು ಎಲ್ಡನ್ ರಿಂಗ್. ಇದರ ಸೇವ್ ಆ್ಯಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನ ರೋಮಿಂಗ್ ಭಾಗದಲ್ಲಿ, ಎಲ್ಡನ್‌ರಿಂಗ್ ಎಂಬ ಫೋಲ್ಡರಿನೊಳಗೆ, 17 ಅಂಕಿಗಳ ಹೆಸರಿರುವ ಇನ್ನೊಂದು ಫೋಲ್ಡರಿನಲ್ಲಿದೆ. ಆ 17 ಅಂಕಿಗಳೇ ನಿಮ್ಮ ಸ್ಟೀಮ್ ಖಾತೆಯ ಗುರುತಿನ ಸಂಖ್ಯೆ. ಅದೇ ಸಂಖ್ಯೆ ಎಸ್‌ಎಲ್2 ವಿಸ್ತರಣೆಯ ಸೇವ್ ಕಡತದ ಒಳಗೂ ಬರೆದಿರುವುದರಿಂದ, ತಮ್ಮನ ಸಂಖ್ಯೆಯ ಫೋಲ್ಡರಿಗೆ ನಿಮ್ಮ ಕಡತವನ್ನು ಹಾಕಿದರೆ ಆಟ ಎರಡನ್ನೂ ಹೋಲಿಸಿ ನಿರಾಕರಿಸುತ್ತದೆ. ಹೊಸ ಕಂಪ್ಯೂಟರಿನಲ್ಲಿ ನಿಮ್ಮದೇ ಖಾತೆಯಿಂದ ಪ್ರವೇಶಿಸಿ, ನಿಮ್ಮದೇ ಸಂಖ್ಯೆಯ ಫೋಲ್ಡರಿಗೆ ಕಡತವನ್ನು ಹಾಕಿದರೆ ಯಾವ ತಕರಾರೂ ಇರುವುದಿಲ್ಲ. ಒಳಗಿನ ಸಂಖ್ಯೆಯನ್ನು ತಿದ್ದಿಕೊಡುವ ಸಾಧನಗಳು ಚಲಾವಣೆಯಲ್ಲಿವೆ. ನಾನು ಅವನ್ನು ಶಿಫಾರಸು ಮಾಡುವುದಿಲ್ಲ. ಆನ್‌ಲೈನ್ ಆಟವಿರುವ, ಮೋಸ ತಡೆಯುವ ವ್ಯವಸ್ಥೆಯಿರುವ ಕಡೆ ತಿದ್ದಿದ ಸೇವ್ ಹಿಡಿದು ಹೋಗುವುದು ತಮ್ಮನ ಖಾತೆಯನ್ನು ಪಣಕ್ಕಿಟ್ಟಂತೆ.

ಇಲ್ಲಿ ಅಪಾಯವೊಂದು ಬೇರೆಯೇ ಇದೆ. ಈ ಆಟದ ಹತ್ತೂ ಪಾತ್ರಗಳ ಜಾಗ ಒಂದೇ ಕಡತದಲ್ಲಿದೆ. ಹೊಸ ಯಂತ್ರದಲ್ಲಿ ನೀವು ಈಗಾಗಲೇ ಮೂರನೆಯ ಪಾತ್ರವೊಂದನ್ನು ಆರಂಭಿಸಿದ್ದರೆ, ಹಳೆಯ ಕಡತವನ್ನು ಅದರ ಮೇಲೆ ನಕಲಿಸಿದೊಡನೆ ಆ ಪಾತ್ರ ಇಲ್ಲವಾಗುತ್ತದೆ. ಎರಡು ಕಡತಗಳನ್ನು ಕೂಡಿಸುವ ಮಾರ್ಗವನ್ನು ಆಟ ಒದಗಿಸಿಲ್ಲ. ಮುಖವೊಂದೇ ಬೇಕು, ಆಟದ ಪ್ರಗತಿ ಬೇಡ ಎಂದಾದರೆ, ಅಥವಾ ತಮ್ಮನಿಗೂ ಅದೇ ಮುಖ ಬೇಕೆಂದಾದರೆ, ಬಹಳ ಹಳೆಯ ಉಪಾಯವೇ ಇಂದಿಗೂ ಒಳ್ಳೆಯದು: ಮುಖ ತಿದ್ದುವ ಪರದೆಯ ಪ್ರತಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳುವುದು. ಎಲ್ಡನ್ ರಿಂಗ್‌ನ ಸ್ಲೈಡರುಗಳು 0ಯಿಂದ 255ರವರೆಗಿನ ಅಂಕಿಗಳನ್ನು ತೋರಿಸುತ್ತವೆ. ಅವನ್ನು ನೋಡಿಕೊಂಡು ಅರ್ಧ ಗಂಟೆಯಲ್ಲಿ ಅದೇ ಮುಖವನ್ನು ಇನ್ನೊಂದು ಖಾತೆಯಲ್ಲಿ ಕಟ್ಟಬಹುದು. ಆಟದೊಳಗಿನ ರೌಂಡ್‌ಟೇಬಲ್ ಹೋಲ್ಡ್ ಎಂಬ ತಾಣದಲ್ಲಿರುವ ಕನ್ನಡಿಯ ಮುಂದೆ ಯಾವಾಗ ಬೇಕಾದರೂ ಈ ಪರದೆ ತೆರೆಯುತ್ತದೆ. ಮಾಡ್, ಖಾತೆ, ಆವೃತ್ತಿ ಯಾವುದರ ಹಂಗೂ ಇಲ್ಲದ ನಕಲು ಇದೊಂದೇ. ಆದ್ದರಿಂದ ಮೂರೂ ಆಟಗಳಿಗೆ ಇದನ್ನು ಮಾಡಿಡಿ ಎನ್ನುತ್ತೇನೆ.

ಎಲ್ಲ ಆಟಗಳೂ ಇಷ್ಟು ಸತಾಯಿಸುವುದಿಲ್ಲ. ಟೆರೇರಿಯಾ ಮತ್ತು ವ್ಯಾಲ್‌ಹೈಮ್ ಆಟಗಳು ಪಾತ್ರವನ್ನು ಲೋಕದಿಂದ ಬೇರ್ಪಡಿಸಿ ಅದರದೇ ಕಡತದಲ್ಲಿ ಇಡುತ್ತವೆ: ಮೊದಲನೆಯದರಲ್ಲಿ ಪಿಎಲ್‌ಆರ್, ಎರಡನೆಯದರಲ್ಲಿ ಎಫ್‌ಸಿಎಚ್ ವಿಸ್ತರಣೆ. ಆ ಕಡತವನ್ನು ಒಯ್ದರೆ ಪಾತ್ರ ತನ್ನ ಗಂಟುಮೂಟೆ ಸಮೇತ ಬರುತ್ತದೆ. ಮಾಸ್ ಎಫೆಕ್ಟ್ 2 ಮತ್ತು 3 ಆಟಗಳು ನಾಯಕನ ಮುಖವನ್ನು ಅಕ್ಷರ ಮತ್ತು ಅಂಕಿಗಳ ಒಂದು ಚಿಕ್ಕ ಸಂಕೇತವಾಗಿ ತೋರಿಸುತ್ತಿದ್ದವು. ಕಾಗದದ ಮೇಲೆ ಬರೆದುಕೊಂಡರೂ ಸಾಕಿತ್ತು. 2008ರ ಸ್ಪೋರ್ ಆಟದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಉಪಾಯ. ಅದರಲ್ಲಿ ನೀವು ರೂಪಿಸಿದ ಜೀವಿಯ ಚಿಕ್ಕ ಪಿಎನ್‌ಜಿ ಚಿತ್ರದ ಒಳಗೇ ಆ ಜೀವಿಯನ್ನು ಮತ್ತೆ ಕಟ್ಟಲು ಬೇಕಾದ ಮಾಹಿತಿಯೆಲ್ಲ ಅಡಗಿರುತ್ತದೆ, ಚಿತ್ರವನ್ನು ಆಟದೊಳಗೆ ಎಳೆದು ಬಿಟ್ಟರೆ ಜೀವಿ ಎದ್ದು ನಿಲ್ಲುತ್ತದೆ. ಅಂಥದೊಂದು ಚಿತ್ರವನ್ನು ನಾನು ಸ್ನೇಹಿತರಿಗೆ ಸಂದೇಶದ ಆ್ಯಪ್ ಮೂಲಕ ಕಳುಹಿಸಿ ನಗೆಪಾಟಲಾಗಿದ್ದೆ. ಅವರಿಗೆ ಜೀವಿಯ ಚಿತ್ರ ತಲುಪಿತು, ಜೀವಿ ತಲುಪಲಿಲ್ಲ. ಇಂಥ ಆ್ಯಪ್‌ಗಳು ಚಿತ್ರಗಳನ್ನು ಕುಗ್ಗಿಸಿ ಹೊಸದಾಗಿ ಬರೆಯುವುದರಿಂದ ಒಳಗೆ ಅಡಗಿದ್ದ ಮಾಹಿತಿ ಅಳಿಸಿಹೋಗುತ್ತದೆ. ಕಳುಹಿಸುವುದಿದ್ದರೆ ಜಿಪ್ ಮಾಡಿ ಕಳುಹಿಸಬೇಕು.

ಕಡತಗಳನ್ನು ಹುಡುಕುವಾಗ ಎರಡು ಗೊಂದಲಗಳು ಎದುರಾಗಬಹುದು. ಆ್ಯಪ್‌ಡೇಟಾ ಫೋಲ್ಡರನ್ನು ವಿಂಡೋಸ್ ಅಡಗಿಸಿಡುತ್ತದೆ; ಎಕ್ಸ್‌ಪ್ಲೋರರಿನ ನೋಟದ ಆಯ್ಕೆಗಳಲ್ಲಿ ಅಡಗಿದ ಫೋಲ್ಡರುಗಳನ್ನು ತೋರಿಸು ಎಂದು ಹೇಳಿದರೆ ಕಾಣುತ್ತದೆ. ಎರಡನೆಯ ಗೊಂದಲ ಹೆಚ್ಚು ಮೋಸದ್ದು. ಹೊಸ ಕಂಪ್ಯೂಟರುಗಳಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ಎಷ್ಟೋ ಸಲ ಮೈಕ್ರೋಸಾಫ್ಟ್‌ನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್‌ನ ಒಳಕ್ಕೆ ಸರಿದಿರುತ್ತದೆ. ಆಗ ಒಂದೇ ಹೆಸರಿನ ಎರಡು ಫೋಲ್ಡರುಗಳಿದ್ದು, ಆಟ ಒಂದನ್ನು ನೋಡುತ್ತಿದ್ದರೆ ನೀವು ಇನ್ನೊಂದಕ್ಕೆ ನಕಲಿಸುತ್ತಿರುತ್ತೀರಿ. ಆಟದಲ್ಲಿ ಪರೀಕ್ಷೆಗೆಂದೇ ಒಂದು ಪಾತ್ರವನ್ನು ಸೃಷ್ಟಿಸಿ ಸೇವ್ ಮಾಡಿ, ಯಾವ ಫೋಲ್ಡರಿನಲ್ಲಿ ಹೊಸ ಕಡತ ಹುಟ್ಟಿತು ಎಂದು ನೋಡಿದರೆ ಸಂಶಯ ಉಳಿಯುವುದಿಲ್ಲ. ಮೈಕ್ರೋಸಾಫ್ಟ್ ಸ್ಟೋರಿನಿಂದ ಅಥವಾ ಗೇಮ್ ಪಾಸ್‌ನಿಂದ ತಂದ ಆಟಗಳು ಸೇವ್‌ಗಳನ್ನು ಅರ್ಥವಾಗದ ಉದ್ದನೆಯ ಹೆಸರುಗಳಲ್ಲಿ ಬೇರೆಯೇ ಕಡೆ ಇಡುತ್ತವೆ. ಅವನ್ನು ಸ್ಟೀಮ್ ಆವೃತ್ತಿಗೆ ನೇರವಾಗಿ ನಕಲಿಸಿದರೆ ನಡೆಯುವುದಿಲ್ಲ.

ಕ್ಲೌಡ್ ಇರುವಾಗ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಸ್ಟೀಮ್ ಕ್ಲೌಡ್ ಒಳ್ಳೆಯ ಸೇವೆ, ಆದರೆ ಯಾವ ಕಡತಗಳನ್ನು ಕ್ಲೌಡಿಗೆ ಏರಿಸಬೇಕು ಎಂಬುದನ್ನು ಆಟ ತಯಾರಿಸಿದವರು ನಿರ್ಧರಿಸಿರುತ್ತಾರೆ. ನೀವು ಸ್ವತಃ ಸೇರಿಸಿದ ಮಾಡ್‌ಗಳ ಫೋಲ್ಡರುಗಳು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಅಲ್ಲದೆ ಅದು ಬ್ಯಾಕಪ್ ಅಲ್ಲ, ಪ್ರತಿಬಿಂಬ. ಒಂದು ಯಂತ್ರದಲ್ಲಿ ಪಾತ್ರವನ್ನು ಅಳಿಸಿದರೆ ಆ ಅಳಿಸುವಿಕೆಯೂ ಇನ್ನೊಂದು ಯಂತ್ರಕ್ಕೆ ನಿಷ್ಠೆಯಿಂದ ತಲುಪುತ್ತದೆ. ಎರಡೂ ಕಡೆ ಬೇರೆ ಬೇರೆ ಸೇವ್ ಇದ್ದರೆ ಯಾವುದನ್ನು ಇಟ್ಟುಕೊಳ್ಳಲಿ ಎಂದು ಸ್ಟೀಮ್ ಕೇಳುತ್ತದೆ, ಮತ್ತು ಆ ಕಿಟಕಿಯಲ್ಲಿ ಅವಸರದಿಂದ ಒತ್ತಿದ ಒಂದು ಗುಂಡಿ ವರ್ಷಗಳ ಆಟವನ್ನು ನುಂಗಬಲ್ಲದು. ಹೊಸದೇ ಸರಿಯಾದದ್ದು ಎಂದುಕೊಳ್ಳಬೇಡಿ. ಈಗ ತಾನೇ ಪರೀಕ್ಷೆಗೆಂದು ಮಾಡಿದ ಖಾಲಿ ಪಾತ್ರದ ದಿನಾಂಕವೇ ಹೊಸದಾಗಿರುತ್ತದೆ. ಕೈಯಿಂದ ನಕಲಿಸುವ ಅವಧಿಯಲ್ಲಿ ಹೊಸ ಯಂತ್ರದಲ್ಲಿ ಆ ಆಟದ ಮಟ್ಟಿಗೆ ಕ್ಲೌಡನ್ನು ನಿಲ್ಲಿಸಿ, ಪಾತ್ರ ಸರಿಯಾಗಿ ತೆರೆದ ಮೇಲೆ ಮತ್ತೆ ಹಚ್ಚಿ.

ಒಯ್ಯುವ ಸಾಧನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೆನ್ ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿದ್ದರೆ 4 ಜಿಬಿ ದಾಟಿದ ಒಂಟಿ ಕಡತ ಅದರಲ್ಲಿ ಹಿಡಿಯುವುದಿಲ್ಲ, ಮಾಡ್ಸ್ ಫೋಲ್ಡರನ್ನು ಜಿಪ್ ಮಾಡಿದರೆ ಈ ಮಿತಿ ಸುಲಭವಾಗಿ ಮೀರುತ್ತದೆ. ಎಕ್ಸ್‌ಎಫ್‌ಎಟಿ ಮಾದರಿಗೆ ಬದಲಿಸಿಕೊಳ್ಳಿ, ಬದಲಿಸುವಾಗ ಅದರಲ್ಲಿದ್ದದ್ದೆಲ್ಲ ಅಳಿಸುತ್ತದೆ ಎಂಬುದು ನೆನಪಿರಲಿ. ನಕಲಿಸುವಾಗ ಆಟ ಮತ್ತು ಸ್ಟೀಮ್ ಎರಡೂ ಮುಚ್ಚಿರಲಿ.

ಹಳೆಯ ಕಂಪ್ಯೂಟರನ್ನು ಕೊಡಲು ಹದಿನೈದು ದಿನವಿದೆ ಎಂದಿದ್ದೀರಿ, ಅದು ಸಾಕು. ಮೊದಲ ದಿನವೇ ಡಾಕ್ಯುಮೆಂಟ್ಸ್‌ನ ಎಲೆಕ್ಟ್ರಾನಿಕ್ ಆರ್ಟ್ಸ್ ಮತ್ತು ಮೈ ಗೇಮ್ಸ್, ಆ್ಯಪ್‌ಡೇಟಾದ ಎಲ್ಡನ್‌ರಿಂಗ್, ಮಾಡ್ ಆರ್ಗನೈಸರ್ ಇದ್ದರೆ ಅದರ ಇಡೀ ಫೋಲ್ಡರ್, ಇಷ್ಟನ್ನು ಆಯ್ದು ನೋಡದೆ ಹೊರಗಿನ ಡಿಸ್ಕಿಗೆ ನಕಲಿಸಿಟ್ಟು, ಆ ನಕಲನ್ನು ಮುಟ್ಟದೆ ಬಿಡಿ. ಪ್ರಯೋಗಗಳನ್ನೆಲ್ಲ ಅದರ ಇನ್ನೊಂದು ನಕಲಿನ ಮೇಲೆ ಮಾಡಿ. ಅಂದೇ ಹಳೆಯ ಯಂತ್ರದಲ್ಲಿ ಮೂರೂ ಆಟಗಳನ್ನು ತೆರೆದು ಮುಖಗಳ ಪರದೆಚಿತ್ರ ತೆಗೆಯಿರಿ, ಸ್ಕೈರಿಮ್‌ನ ಪ್ರಿಸೆಟ್ ಉಳಿಸಿ ಅದನ್ನೂ ಡಿಸ್ಕಿಗೆ ಸೇರಿಸಿ. ಹೊಸ ಯಂತ್ರದಲ್ಲಿ ಪ್ರತಿ ಪಾತ್ರವನ್ನೂ ತೆರೆದು, ಸ್ವಲ್ಪ ಹೊತ್ತು ಆಡಿ, ಸೇವ್ ಮಾಡಿ, ಆಟ ಮುಚ್ಚಿ ಮತ್ತೆ ತೆರೆದು, ಪರದೆಚಿತ್ರದ ಜೊತೆ ಹೋಲಿಸಿ ನೋಡುವವರೆಗೆ ಹಳೆಯ ಡಿಸ್ಕನ್ನು ಅಳಿಸಬೇಡಿ. ಅಳಿಸುವ ದಿನ ಬಂದಾಗ ಆ ಯಂತ್ರದಲ್ಲಿ ಸ್ಟೀಮ್ ಮತ್ತು ಒನ್‌ಡ್ರೈವ್ ಖಾತೆಗಳಿಂದ ಮೊದಲು ಹೊರಬನ್ನಿ, ಕಡತಗಳನ್ನು ಆಮೇಲೆ ಅಳಿಸಿ. ಈ ಕ್ರಮ ತಲೆಕೆಳಗಾದರೆ, ಅಂದರೆ ಒನ್‌ಡ್ರೈವ್ ಚಾಲೂ ಇರುವಾಗಲೇ ಅದರೊಳಗಿನ ಡಾಕ್ಯುಮೆಂಟ್ಸ್ ಅನ್ನು ಅಳಿಸಿದರೆ, ಹೊಸ ಯಂತ್ರದಲ್ಲಿ ನೀವು ಈಗಷ್ಟೇ ಸರಿಪಡಿಸಿದ ಕುಟುಂಬವೂ ಅದರ ಜೊತೆಗೇ ಅಳಿಯಬಹುದು.